ಚಾಮರಾಜನಗರದಲ್ಲಿ ನೀರು ಕುದಿಯುವುದು ಎಷ್ಟಕ್ಕೆ?

ಹೋದ ವಾರ ಸಂತೆಮರಹಳ್ಳಿ ಸಂತೆಯಿಂದ ಬರುವಾಗ ಬಸ್ಸಿನಲ್ಲಿ ಪಕ್ಕದಲ್ಲಿ ಕೂತಿದ್ದ ಯಜಮಾನರೊಬ್ಬರು ಜೇಬಿನಿಂದ ನಶ್ಯದ ಡಬ್ಬಿ ತೆಗೆದು ಮುಚ್ಚಳ ತಿರುಗಿಸಿದರು. ಆ ಘಾಟು ಮೂಗಿಗೆ ಬಂದದ್ದೇ ತಡ, ಸೀನುವ ಬದಲು ನನಗೆ ನಗು ಬಂತು. ಯಜಮಾನರು ನನ್ನ ಮುಖ ನೋಡಿ, ಇವನಿಗೂ ಬೇಕಿರಬೇಕು ಎಂದುಕೊಂಡು ಡಬ್ಬಿಯನ್ನು ನನ್ನ ಕಡೆ ಚಾಚಿದರು. ಬೇಡ ಎಂದು ಕೈಮುಗಿದೆ. ನನ್ನ ಕಣ್ಣ ಮುಂದೆ ಆಗಲೇ ಒಂದು ಹಳೆಯ ಲ್ಯಾಪ್‌ಟಾಪ್ ಬಂದು ಕೂತಿತ್ತು. ಅದರ ಕೀಲಿಗಳ ಸಂದಿಯಲ್ಲೆಲ್ಲ ನಶ್ಯದ ಪುಡಿ. ಬಗ್ಗಿ ಅದನ್ನು ಉಫ್ ಎಂದು ಊದಿ, 'ಈಗ ಒತ್ತಪ್ಪ' ಎನ್ನುತ್ತಿದ್ದ ಮೇಷ್ಟ್ರು...

ಮೇಷ್ಟ್ರು ಎಂದೇ ನಾನು ಅವರನ್ನು ಕರೆಯುತ್ತಿದ್ದೆ. ಹಾಗಂತ ಅವರ ಕ್ಲಾಸಿನಲ್ಲಿ ಕೂತವನಲ್ಲ ನಾನು. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟೆ. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ಅರಿಶಿನ ಬೇಯಿಸುವ ಕೊಪ್ಪರಿಗೆಗೆ ಸೌದೆ ಹಾಕುವ ಕೆಲಸದಿಂದ ಶುರುಮಾಡಿ, ಮೂವತ್ತೈದು ತುಂಬುವ ಹೊತ್ತಿಗೆ ಸ್ವಂತ ಹಬೆ ಮಷೀನು ಮಾಡಿಕೊಂಡೆ. ಗೊತ್ತಿಲ್ಲದವರಿಗೆ ಹೇಳಬೇಕೆಂದರೆ, ಹೊಲದಿಂದ ಕಿತ್ತ ಹಸಿ ಅರಿಶಿನವನ್ನು ಹಾಗೇ ಒಣಗಿಸಿದರೆ ಬರುವುದಿಲ್ಲ. ಮೊದಲು ಬೇಯಿಸಬೇಕು. ಒಂದು ಬಾಯ್ಲರ್, ಎರಡು ದೊಡ್ಡ ಡ್ರಮ್ಮು, ಕೆಳಗೆ ನಾಲ್ಕು ಚಕ್ರ. ಟ್ರಾಕ್ಟರಿನ ಹಿಂದೆ ಕಟ್ಟಿಕೊಂಡು ಹೊಲದಿಂದ ಹೊಲಕ್ಕೆ ಹೋಗುತ್ತೇನೆ. ಡ್ರಮ್ಮಿಗೆ ಅರಿಶಿನ ಸುರಿದು ಹಬೆ ಬಿಡುತ್ತೇನೆ. ಪೊರಕೆ ಕಡ್ಡಿಯಿಂದ ಒಂದು ಗೆಡ್ಡೆ ಚುಚ್ಚಿ ನೋಡುತ್ತೇನೆ. ಕಡ್ಡಿ ಅಡ್ಡಿಯಿಲ್ಲದೆ ಆಚೆ ಬಂದರೆ ಬೆಂದಿದೆ ಎಂದು ಅರ್ಥ. ನಾನು ಬೇಯಿಸಿದ ಅರಿಶಿನ ಮುರಿದರೆ ಒಳಗೂ ಹೊರಗೂ ಒಂದೇ ಬಣ್ಣ. ಇದನ್ನು ಬರೆಯುವಾಗ ನನಗೆ ನಾಚಿಕೆಯೇನೂ ಇಲ್ಲ, ಈ ತಾಲ್ಲೂಕಿನಲ್ಲಿ ಯಾರನ್ನು ಬೇಕಾದರೂ ಕೇಳಿ.

ಮೇಷ್ಟ್ರ ಮನೆ ನನ್ನ ಶೆಡ್ಡಿಗೆ ಒಂದೇ ಗೋಡೆ ಆಚೆ. ಚಾಮರಾಜನಗರದಲ್ಲಿ ಮೂವತ್ತು ವರ್ಷದ ಮೇಲೆ ಪಿಯುಸಿಗೆ ಕೆಮಿಸ್ಟ್ರಿ ಹೇಳಿ ರಿಟೈರ್ ಆದವರು. ಹಣೆಯಲ್ಲಿ ಮೂರು ಬೆರಳ ವಿಭೂತಿ, ಪಂಚೆಯ ಮೇಲೆ ತುಂಬುತೋಳಿನ ಷರಟು, ಜೇಬಿನಲ್ಲಿ ಪೆನ್ನಿನ ಪಕ್ಕ ನಶ್ಯದ ಡಬ್ಬಿ. ನನ್ನ ಹೆಂಡತಿಗೆ ಪಾಠ ಹೇಳಿದ್ದೂ ಅವರೇ. ಅವಳು ಗುಂಡ್ಲುಪೇಟೆಯವಳು, ಇಲ್ಲಿ ಹಾಸ್ಟೆಲ್ಲಿನಲ್ಲಿದ್ದು ಪಿಯುಸಿ ಮುಗಿಸಿದವಳು. ಏಳನೇ ಕ್ಲಾಸಿನವನನ್ನು ಮದುವೆಯಾದದ್ದು ಹೇಗೆ ಎಂದು ಕೇಳಿದವರಿಗೆ, 'ಪಿಯುಸಿ ಮಾಡಿದ ಯಾರೂ ನೋಡೋಕೆ ಬರ್ಲಿಲ್ಲ ಕಣಕ್ಕ' ಎಂದು ನನ್ನ ಎದುರಿಗೇ ಹೇಳುತ್ತಾಳೆ. ಮೇಷ್ಟ್ರು ಗೋಡೆಯಾಚೆಯಿಂದ ಕೆಮ್ಮಿದರೆ ಸಾಕು, ಇವಳು ಸೆರಗು ಸರಿಮಾಡಿಕೊಂಡು ಎದ್ದು ನಿಲ್ಲುತ್ತಿದ್ದಳು. ಇಪ್ಪತ್ತು ವರ್ಷದ ಹಿಂದಿನ ಹೆದರಿಕೆ!

ನಾನು ಹೇಳಹೊರಟಿರುವುದು ನಾಲ್ಕೈದು ವರ್ಷದ ಹಿಂದಿನ ಒಂದು ಸುಗ್ಗಿಯ ಕತೆ.

ಆ ವರ್ಷ ಕೇರಳದ ಒಂದು ಕಂಪನಿ ನಮ್ಮ ಕಡೆಯ ರೈತರ ಅರಿಶಿನವನ್ನು ನೇರವಾಗಿ ಕೊಳ್ಳುವುದಕ್ಕೆ ಬಂತು. ಗುಂಡ್ಲುಪೇಟೆಯ ಹೆದ್ದಾರಿ ಪಕ್ಕದಲ್ಲಿ ಅವರ ಗೋಡೌನು. ಬೇಯಿಸುವ ಕೆಲಸವೆಲ್ಲ ನನಗೇ ಎಂದು ಮಾತಾಯಿತು. ಸುಗ್ಗಿ ಪೂರ್ತಿ ಮಷೀನಿಗೆ ಪುರುಸೊತ್ತಿರದಷ್ಟು ಕೆಲಸ. ಅವರ ಸೂಪರ್‌ವೈಸರ್ ಒಬ್ಬ ಸಣ್ಣ ವಯಸ್ಸಿನ ಮಲಯಾಳಿ, ಒಳ್ಳೆಯ ಮನುಷ್ಯ, ಎಲ್ಲರನ್ನೂ ಚೇಟ್ಟಾ, ಅಂದರೆ ಅಣ್ಣ, ಎನ್ನುತ್ತಿದ್ದ. ಮೊದಲ ದಿನ ನನ್ನ ಶೆಡ್ಡಿಗೆ ಬಂದು ಡ್ರಮ್ಮಿನ ಮುಚ್ಚಳದ ತೂತಿನಿಂದ ಒಂದು ಉದ್ದನೆಯ ಥರ್ಮಾಮೀಟರ್ ಇಳಿಸಿದ. ಹಬೆ ಭರ್ತಿ ಬರುತ್ತಿತ್ತು. ಮುಳ್ಳು ತೊಂಬತ್ತೇಳೂವರೆಗೆ ಬಂದು ನಿಂತಿತು. ಅಲ್ಲಾಡಲಿಲ್ಲ.

ಅವನ ಕೈಯಲ್ಲಿದ್ದ ಪೇಪರಿನಲ್ಲಿ ನೂರು ಡಿಗ್ರಿ ಎಂದಿತ್ತು. ನೂರು ಡಿಗ್ರಿಯಲ್ಲಿ ಮುಕ್ಕಾಲು ಗಂಟೆ ಬೆಂದ ಅರಿಶಿನವನ್ನು ಮಾತ್ರ ತೆಗೆದುಕೊಳ್ಳಬೇಕಂತೆ. ನಾನು ಕಡ್ಡಿ ಚುಚ್ಚಿ ತೋರಿಸಿದೆ, ಮುರಿದು ತೋರಿಸಿದೆ. ಅವನು ಪಾಪ, ಗೆಡ್ಡೆಯನ್ನು ಮೂಸಿ ನೋಡಿ ಚೆನ್ನಾಗಿದೆ ಎಂದೂ ಹೇಳಿದ.

"ಆದರೆ ಪೇಪರಲ್ಲಿ ನೂರು ಇದೆ ಚೇಟ್ಟಾ. ನಿಮ್ಮ ಮಷೀನಲ್ಲಿ ಏನೋ ತೊಂದರೆ. ಸೋಮವಾರ ನಾನು ಗುಂಡ್ಲುಪೇಟೆಯಲ್ಲೇ ಇರ್ತೇನೆ. ಅಷ್ಟರಲ್ಲಿ ರಿಪೇರಿ ಮಾಡಿ ಬನ್ನಿ. ಇಲ್ಲ ಅಂದ್ರೆ ಸತ್ಯಮಂಗಲದಿಂದ ಬೇರೆ ಮಷೀನು ತರಿಸ್ಬೇಕು."

ಕೆಲಸ ಹೋಗುತ್ತದೆ ಎನ್ನುವುದು ಒಂದು ಕಡೆ. ನಾನು ಬೇಯಿಸಿದ್ದು ಸರಿಯಾಗಿ ಬೆಂದಿಲ್ಲ ಎಂದು ಊರ ತುಂಬ ಆಗುತ್ತದಲ್ಲ, ಅದು ಇನ್ನೊಂದು ಕಡೆ. ಅವತ್ತು ಬುಧವಾರ. ಅವನು ಥರ್ಮಾಮೀಟರನ್ನು ನನ್ನ ಹತ್ತಿರವೇ ಬಿಟ್ಟು ಹೋದ ಮೇಲೆ ಬಾಯ್ಲರಿನ ಪೈಪು ಬಿಚ್ಚಿ ತೊಳೆದೆ. ಸೌದೆ ಎರಡರಷ್ಟು ಉರಿಸಿದೆ. ತೊಂಬತ್ತೇಳೂವರೆ. ಗುರುವಾರ ಡ್ರಮ್ಮಿಗೆ ಗೋಣಿಚೀಲ ಸುತ್ತಿದೆ. ತೊಂಬತ್ತೇಳೂವರೆ. ಥರ್ಮಾಮೀಟರೇ ಕೆಟ್ಟಿರಬೇಕು ಎಂದು ಮೆಡಿಕಲ್ ಸ್ಟೋರಿನಿಂದ ಜ್ವರ ನೋಡುವ ಥರ್ಮಾಮೀಟರ್ ತಂದು ಒಂದು ಕಂಕುಳಲ್ಲಿ ಅದನ್ನು, ಇನ್ನೊಂದು ಕಂಕುಳಲ್ಲಿ ಅವನ ಉದ್ದನೆಯದನ್ನು ಇಟ್ಟುಕೊಂಡು ಹೋಲಿಸಿ ನೋಡಿದೆ. ಎರಡೂ ಒಂದೇ ಹೇಳಿದವು. ನನ್ನ ಹೆಂಡತಿ ಬಾಗಿಲಲ್ಲಿ ನಿಂತು ನೋಡಿ ಹಣೆ ಚಚ್ಚಿಕೊಂಡು ಒಳಗೆ ಹೋದಳು.

ಶುಕ್ರವಾರ ಬೆಳಿಗ್ಗೆ ನನಗೆ ಒಂದು ಉಪಾಯ ಹೊಳೆಯಿತು. ಹಬೆ ಸೋರುತ್ತಿರುವುದರಿಂದಲೇ ಶಾಖ ಏರುತ್ತಿಲ್ಲ ಎಂದು ತೀರ್ಮಾನಿಸಿ, ರಾಗಿಹಿಟ್ಟು ಕಲಸಿ ಮುಚ್ಚಳದ ಅಂಚಿಗೆಲ್ಲ ಮೆತ್ತಿದೆ. ಕೆಳಗಿನ ನಲ್ಲಿ ಮುಚ್ಚಿದೆ. ಟ್ರಾಕ್ಟರಿನ ಚೈನು ತಂದು ಡ್ರಮ್ಮಿನ ಸುತ್ತ ಬಿಗಿದು, ಕಬ್ಬಿಣದ ಸಲಾಕಿ ತೂರಿಸಿ ತಿರುಚಿದೆ. ಹಬೆ ಬಿಟ್ಟೆ. ಮುಳ್ಳು ಮೇಲೆ ಹೋಯಿತು! ತೊಂಬತ್ತೆಂಟು. ಎಂಟೂವರೆ. ತೊಂಬತ್ತೊಂಬತ್ತು. ಮುಚ್ಚಳ ಗುಂಯ್ ಎನ್ನುತ್ತಿತ್ತು. ನನಗೆ ಕುಣಿಯುವಷ್ಟು ಖುಷಿ.

ಗೋಡೆಯ ಮೇಲೆ ಮೇಷ್ಟ್ರ ತಲೆ ಕಾಣಿಸಿತು. ಅವರು ಯಾವತ್ತೂ ಧ್ವನಿ ಏರಿಸಿದವರಲ್ಲ, ಅವತ್ತೂ ಏರಿಸಲಿಲ್ಲ.

"ನಲ್ಲಿ ತೆಗಿ ಮೊದ್ಲು."

"ಇನ್ನೊಂದೇ ಡಿಗ್ರಿ ಸಾ. ನೂರಕ್ಕೆ ಓಗೋವರ್ಗೂ ಬುಡಲ್ಲ ನಾನು."

"ಮೇಲಕ್ಕೆ ಹೋಗೋದು ಮುಳ್ಳಲ್ಲ ಕಣ್ಲಾ, ನೀನು. ನಲ್ಲಿ ತೆಗಿ."

ತೆಗೆದೆ. ಹಬೆ ಬುಸ್ಸೆಂದು ನುಗ್ಗಿ ಶೆಡ್ಡೆಲ್ಲ ಬೆಳ್ಳಗಾಯಿತು. ಅದರೊಳಗೆ ನನಗೆ ಕಂಡದ್ದು ಅವರ ವಿಭೂತಿ ಮಾತ್ರ. ಗೋಡೆ ಸುತ್ತಿಕೊಂಡು ಬಂದು ಚೈನನ್ನು ಕೈಯಿಂದ ಮುಟ್ಟಿ ನೋಡಿದರು, ರಾಗಿಹಿಟ್ಟನ್ನು ಉಗುರಿನಿಂದ ಕೆರೆದರು. ಬೈಯುತ್ತಾರೆ ಎಂದು ತಲೆ ತಗ್ಗಿಸಿಕೊಂಡು ನಿಂತಿದ್ದೆ. ಅವರು ಕೇಳಿದ್ದೇ ಬೇರೆ. ಚೈನು ಕಟ್ಟಿದಾಗ ಎಷ್ಟಿತ್ತು, ಬಿಚ್ಚಿದಾಗ ಎಷ್ಟಾಯಿತು, ಗೋಣಿಚೀಲ ಸುತ್ತಿದಾಗ ಎಷ್ಟು, ಎಲ್ಲವನ್ನೂ ಎರಡೆರಡು ಸಲ ಕೇಳಿದರು. ಕಂಪನಿಯ ಪೇಪರಿನ ವಿಷಯವನ್ನೂ ಹೇಳಿದೆ. ಆಮೇಲೆ ಡಬ್ಬಿ ತೆಗೆದು ಒಂದು ಚಿಟಿಕೆ ಏರಿಸಿ, "ಬಾ ಮನೆಗೆ, ಕೈ ತೊಳ್ಕೊಂಡ್ ಬಾ" ಎಂದರು.

ಅವರ ಮನೆಯ ಊಟದ ಮೇಜಿನ ಮೇಲೆ ಆ ಲ್ಯಾಪ್‌ಟಾಪ್ ಇತ್ತು. ಸೆಕೆಂಡ್ ಹ್ಯಾಂಡ್, ಒಂದು ಮೂಲೆ ಒಡೆದದ್ದು. ಅದರಲ್ಲಿ ಒಂದು ಲೈಬ್ರರಿ ಹಾಕಿಸಿಕೊಂಡು ಎಂಟು ತಿಂಗಳಾಗಿತ್ತಂತೆ. ಲೈಬ್ರರಿ ಎಂದರೆ ಏನೆಂದು ನನಗೆ ಅವರು ವಿವರಿಸಿದ್ದು ಹೀಗೆ: ನೀರು, ಅಮೋನಿಯಾ, ಇನ್ನೂ ನೂರೆಂಟು ವಸ್ತುಗಳು ಯಾವ ಒತ್ತಡದಲ್ಲಿ ಯಾವ ಶಾಖಕ್ಕೆ ಕುದಿಯುತ್ತವೆ, ಹೇಗೆ ಹಿಗ್ಗುತ್ತವೆ ಎಂದು ಲೋಕದ ಯಾರ್ಯಾರೋ ಜೀವಮಾನವೆಲ್ಲ ಅಳೆದಿಟ್ಟಿದ್ದಾರೆ. ಆ ವಿದ್ಯೆಯ ಹೆಸರು ಥರ್ಮೋಡೈನಮಿಕ್ಸ್. ಅದರ ಲೆಕ್ಕಗಳನ್ನೆಲ್ಲ ಒಂದು ಕಟ್ಟು ಕಟ್ಟಿ ಯಾರು ಬೇಕಾದರೂ ಬಳಸಿಕೊಳ್ಳಲಿ ಎಂದು ಬಿಟ್ಟಿದ್ದಾರೆ. ನಾವು ಪ್ರೋಗ್ರಾಮ್ ಬರೆದು ಕೇಳಬೇಕು, ಅದು ಹೇಳುತ್ತದೆ. ಎಂಟು ತಿಂಗಳಿನಿಂದ ಅವರು ಒಂದು ಸಾಲೂ ಬರೆದಿರಲಿಲ್ಲ. ಯಾಕೆ ಎಂದು ಕೇಳಿದ್ದಕ್ಕೆ ಸ್ವಲ್ಪ ಸಂಕೋಚದಿಂದ ನಕ್ಕರು. "ಏನು ಕೇಳೋದು ಅಂತ್ಲೇ ಗೊತ್ತಾಗ್ಲಿಲ್ಲ ಕಣಪ್ಪ. ಸುಮ್ಮನೆ ಕೇಳೋಕೆ ಮನಸ್ಸು ಬರ್ಲಿಲ್ಲ."

ಈಗ ಕೇಳುವುದಕ್ಕೆ ಒಂದು ವಿಷಯ ಸಿಕ್ಕಿತ್ತು. ಆದರೆ ಅವರು ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ತಾವು ಪಕ್ಕದಲ್ಲಿ ಸ್ಟೂಲು ಎಳೆದುಕೊಂಡರು. ನಿನ್ನ ಡ್ರಮ್ಮು, ನಿನ್ನ ಪ್ರಶ್ನೆ, ನೀನೇ ಬರೆ ಎಂದರು. ಇಂಗ್ಲಿಷ್ ಅಕ್ಷರಗಳನ್ನು ನಾನು ಕಲಿತದ್ದು ಲಾರಿಗಳ ನಂಬರ್ ಪ್ಲೇಟಿನಿಂದ. ನನ್ನ ಒಂದು ಬೆರಳು ಒತ್ತಿದರೆ ಎರಡು ಕೀಲಿ ಇಳಿಯುತ್ತಿದ್ದವು. ಎಷ್ಟು ತೊಳೆದರೂ ಹೋಗದ ಅರಿಶಿನ, ಒತ್ತಿದ ಕೀಲಿಯೆಲ್ಲ ಹಳದಿ. ಅವರು ಮೊದಲು ಎಲ್ಲವನ್ನೂ ಕಾಗದದ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದುಕೊಟ್ಟರು. ಒಂದನೇ ಸಾಲಿನಲ್ಲಿ ಲೈಬ್ರರಿಯನ್ನು ಕರೆಯುವುದು. ಎರಡನೇ ಸಾಲಿನಲ್ಲಿ ಒತ್ತಡ ಎಷ್ಟೆಂದು ಹೇಳುವುದು. ಮೂರನೇ ಸಾಲಿನಲ್ಲಿ, ಇಷ್ಟು ಒತ್ತಡವಿದ್ದರೆ ನೀರು ಕುದಿಯುವ ಶಾಖ ಎಷ್ಟು ಎಂದು ಕೇಳುವುದು. ನಾಲ್ಕನೇ ಸಾಲಿನಲ್ಲಿ ಉತ್ತರ ತೋರಿಸು ಎನ್ನುವುದು. ಅಷ್ಟೇ, ನಾಲ್ಕು ಸಾಲು. ನನಗೆ ಅದಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ಒಂದು ಡ್ರಮ್ಮು ಅರಿಶಿನ ಬೇಯುವಷ್ಟು ಹೊತ್ತು.

ಒತ್ತಿದೆ. ಪರದೆಯ ತುಂಬ ಕೆಂಪು ಅಕ್ಷರ ಸುರಿಯಿತು.

ನನಗೆ ಅವಮಾನವಾಯಿತು ಎಂದು ಒಪ್ಪಿಕೊಳ್ಳುತ್ತೇನೆ. ಸ್ಕೂಲು ಬಿಟ್ಟ ದಿನ ಲೆಕ್ಕದ ಪುಸ್ತಕದಲ್ಲಿ ಕಂಡಿದ್ದ ದೊಡ್ಡ ಇಂಟು ಮಾರ್ಕು ಕಣ್ಣ ಮುಂದೆ ಬಂತು. ಇವೆಲ್ಲ ಓದಿದವರ ಕೆಲಸ, ನನಗೆ ಬೇರೆ ಕೆಲಸ ಇದೆ ಎಂದು ಎದ್ದುಬಿಟ್ಟೆ. ಮೇಷ್ಟ್ರು ನನ್ನ ಮೊಣಕೈ ಹಿಡಿದು ಕೂರಿಸಿದರು.

"ಬೈಯ್ತಾ ಇಲ್ಲ ಕಣ್ಲಾ ಅದು. ಎಲ್ಲಿ ಕೆಟ್ಟದೆ ಅಂತ ತೋರಿಸ್ತಾ ಅದೆ. ನಿನ್ ಬಾಯ್ಲರು ಯಾವತ್ತಾದ್ರೂ ಇಷ್ಟು ಮರ್ಯಾದೆಯಿಂದ ಹೇಳೈತಾ?"

ನಿಜ, ಬಾಯ್ಲರು ಹೇಳಿರಲಿಲ್ಲ. ನೋಡಿದರೆ ಮೂರನೇ ಸಾಲಿನಲ್ಲಿ ಒಂದು ಕೀಲಿ ಇಳಿದೇ ಇರಲಿಲ್ಲ, ಕೆಳಗೆ ನಶ್ಯ ಸೇರಿಕೊಂಡಿತ್ತು. ಅವರು ಉಫ್ ಎಂದು ಊದಿದರು. ಈಗ ಒತ್ತಪ್ಪ ಎಂದರು. ಒತ್ತಿದೆ. ಒಂದು ಸಂಖ್ಯೆ ಬಂತು: 373.12.

"ಅಯ್ಯೋ ಮುನ್ನೂರೆಪ್ಪತ್ತಾ? ಅಷ್ಟಾದ್ರೆ ಎಲ್ಲಾ ಕರಗೋಯ್ತದೆ ಸಾ" ಎಂದೆ. ಅವರು ಕೆಮ್ಮು ಬರುವಷ್ಟು ನಕ್ಕರು. ಆ ಲೈಬ್ರರಿ ಶಾಖವನ್ನು ಎಣಿಸುವುದು ಬೇರೆ ಸೊನ್ನೆಯಿಂದಂತೆ. ಲೋಕದಲ್ಲಿ ಅದಕ್ಕಿಂತ ತಣ್ಣಗೆ ಇರುವುದಕ್ಕೇ ಆಗದ ಒಂದು ಸೊನ್ನೆ ಇದೆಯಂತೆ, ಅಲ್ಲಿಂದ. ಅದರಲ್ಲಿ ಇನ್ನೂರ ಎಪ್ಪತ್ತಮೂರು ಪಾಯಿಂಟ್ ಒಂದು ಐದು ಕಳೆದರೆ ನಮ್ಮ ಡಿಗ್ರಿ. ಕಳೆಯುವ ಸಾಲು ಸೇರಿಸಿದೆವು. ಉತ್ತರ 99.97.

ನೂರು. ಕಂಪ್ಯೂಟರೂ ನೂರು ಎಂದಿತು. ಅಲ್ಲಿಗೆ ಮುಗಿಯಿತು, ನನ್ನ ಮಷೀನೇ ಕೆಟ್ಟಿದೆ ಎಂದುಕೊಂಡೆ. ಮೇಷ್ಟ್ರು ಎರಡನೇ ಸಾಲಿನ ಮೇಲೆ ಬೆರಳಿಟ್ಟುಕೊಂಡು ಕೂತಿದ್ದರು. ಒತ್ತಡದ ಸಂಖ್ಯೆ, ಅವರೇ ಬರೆದುಕೊಟ್ಟಿದ್ದದ್ದು.

ಅಷ್ಟರಲ್ಲಿ ನನ್ನ ಹೆಂಡತಿ ಮಜ್ಜಿಗೆ ತಂದಳು. ಎಲ್ಲಿ ಹೋದೆ ಎಂದು ಹುಡುಕಿಕೊಂಡು ಬಂದಿದ್ದಳು. ಮೇಷ್ಟ್ರು ಲೋಟ ಕೈಗೆ ತೆಗೆದುಕೊಂಡವರು ಕುಡಿಯದೆ, ತಮಗೆ ತಾವೇ ಹೇಳಿಕೊಳ್ಳುವ ಹಾಗೆ ಹೇಳಿದರು: ಈ ಸಂಖ್ಯೆ ಸಮುದ್ರದ ದಡದಲ್ಲಿ ಗಾಳಿ ಒತ್ತುವ ಒತ್ತಡ. ನಾವು ಎತ್ತರದಲ್ಲಿದ್ದೇವೆ, ಇಲ್ಲಿ ನಮ್ಮ ಮೇಲೆ ಗಾಳಿ ಕಡಿಮೆ, ಒತ್ತಡ ಕಡಿಮೆ, ನೀರು ಕಡಿಮೆ ಶಾಖಕ್ಕೇ ಕುದಿಯುತ್ತದೆ. ಅದು ಪುಸ್ತಕದಲ್ಲೂ ಇದೆ, ನಾನೇ ಪಾಠ ಮಾಡಿದ್ದೇನೆ. ಆದರೂ ಮೂವತ್ತು ವರ್ಷ ಇದೇ ಊರಿನ ಲ್ಯಾಬಿನಲ್ಲಿ ನಿಂತುಕೊಂಡು ಎಲ್ಲರಿಗೂ ನೂರು ಎಂದೇ ಬರೆಸಿದ್ದೇನೆ. ಥರ್ಮಾಮೀಟರ್ ತೊಂಬತ್ತೇಳೂವರೆ ತೋರಿಸುತ್ತಿತ್ತು. ಥರ್ಮಾಮೀಟರ್ ಸರಿಯಿಲ್ಲ, ನೂರು ಅಂತ ಬರೀರಿ ಎನ್ನುತ್ತಿದ್ದೆ...

ನನ್ನ ಹೆಂಡತಿ ತಟ್ಟೆಯನ್ನು ಎದೆಗೊತ್ತಿಕೊಂಡು ನಿಂತಿದ್ದಳು. ಅವಳ ಧ್ವನಿ ಅಷ್ಟು ಸಣ್ಣದಾಗಿ ನಾನು ಕೇಳಿದ್ದು ಅದೇ ಮೊದಲು.

"ನಾನು ಬರ್ದಿದ್ದೆ ಸಾರ್. ತೊಂಬತ್ತೇಳು ಪಾಯಿಂಟ್ ಐದು ಅಂತ."

ಮೇಷ್ಟ್ರು ತಲೆಯೆತ್ತಿದರು.

"ನೀವು ಕೆಂಪಿಂಕಲ್ಲಿ ಹೊಡ್ದಾಕಿ, ಕಣ್ಣು ಸರಿಯಾಗಿ ಬಿಟ್ಕೊಂಡು ನೋಡು ಅಂತ ಬರ್ದಿದ್ರಿ. ಕ್ಲಾಸಲ್ಲೆಲ್ಲ ನಕ್ಕಿದ್ರು. ರೆಕಾರ್ಡ್ ಬುಕ್ಕು ಗುಂಡ್ಲುಪೇಟೆಲಿ ಅವ್ವನ ಟ್ರಂಕಲ್ಲಿ ಇನ್ನೂ ಅದೆ."

ಇಪ್ಪತ್ತು ವರ್ಷ ನನ್ನ ಜೊತೆ ಬಾಳುವೆ ಮಾಡಿದವಳು, ಒಂದು ದಿನವೂ ನನಗಿದನ್ನು ಹೇಳಿರಲಿಲ್ಲ. ಮೇಷ್ಟ್ರ ಮುಖದಲ್ಲಿ ಏನೇನೋ ಬಂದು ಹೋಯಿತು. ಮಜ್ಜಿಗೆ ಲೋಟ ಕೆಳಗಿಟ್ಟರು. ಆಮೇಲೆ ಎದ್ದು ನಿಂತು, ಚಪ್ಪಲಿ ಹುಡುಕುತ್ತ, "ನಮ್ಮೂರು ಎಷ್ಟೆತ್ತರದಲ್ಲದೆ ನೋಡ್ಕೊಂಡ್ ಬರನ ನಡಿ" ಎಂದರು.

ಊರಿನ ಎತ್ತರ ನೋಡುವುದಕ್ಕೆ ಎಲ್ಲಿಗೆ ಹೋಗುತ್ತಾರೆ? ಬೆಟ್ಟಕ್ಕಿರಬೇಕು ಎಂದುಕೊಂಡೆ. ನನ್ನ ಟಿವಿಎಸ್ ಹಿಂದೆ ಕೂತು ಅವರು ದಾರಿ ತೋರಿಸಿದ್ದು ರೈಲ್ವೆ ಸ್ಟೇಷನ್ನಿಗೆ. ಪ್ಲಾಟ್‌ಫಾರಂ ತುದಿಯಲ್ಲಿ ಊರ ಹೆಸರಿನ ಹಳದಿ ಬೋರ್ಡು ಇರುತ್ತದಲ್ಲ, ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಸಮುದ್ರ ಮಟ್ಟದಿಂದ ಎಷ್ಟು ಮೀಟರ್ ಎಂದು ಬರೆದಿರುತ್ತಾರೆ. ಹುಟ್ಟಿದಾಗಿನಿಂದ ಆ ಬೋರ್ಡಿನ ಕೆಳಗೆ ನೆರಳಿಗೆ ಕೂತಿದ್ದೇನೆ, ಒಂದು ದಿನವೂ ಓದಿರಲಿಲ್ಲ. ಏಳುನೂರು ಚಿಲ್ಲರೆ ಮೀಟರ್. ಮೊಬೈಲಿನಲ್ಲಿ ಸಿಗುವುದಿಲ್ಲವೇ ಎಂದು ಕೇಳಿದ್ದಕ್ಕೆ, ರೈಲಿನವರು ಬಣ್ಣದಲ್ಲಿ ಬರೆದದ್ದನ್ನು ನಂಬಬಹುದು ಎಂದರು. ಅಂಗೈ ಮೇಲೆ ಸಂಖ್ಯೆ ಬರೆದುಕೊಂಡು, ಮೈಸೂರು ರೈಲಿಗೆ ಕಾದಿದ್ದವರೆಲ್ಲ ನೋಡುತ್ತಿದ್ದ ಹಾಗೆ ಆ ಬೋರ್ಡಿಗೆ ಕೈಮುಗಿದರು.

ಮನೆಗೆ ಬಂದು, ಎತ್ತರದಿಂದ ಒತ್ತಡ ಲೆಕ್ಕ ಹಾಕುವ ಇನ್ನೊಂದು ಸಾಲು ಬರೆಸಿದರು. ಈಗ ನನ್ನ ಬೆರಳು ಅಷ್ಟು ತಡವರಿಸಲಿಲ್ಲ. ಒಟ್ಟು ಆರು ಸಾಲಾಯಿತು. ನನ್ನ ಹೆಂಡತಿ ಈಗ ತಟ್ಟೆ ಕೆಳಗಿಟ್ಟು ನನ್ನ ಬೆನ್ನ ಹಿಂದೆಯೇ ನಿಂತಿದ್ದಳು. ಅವಳ ಉಸಿರು ನನ್ನ ಕತ್ತಿಗೆ ತಾಗುತ್ತಿತ್ತು. ಒತ್ತಿದೆ.

97.6.

ಮೂವರೂ ಒಟ್ಟಿಗೇ ಮಾತಾಡಿದೆವು. ನನ್ನ ಡ್ರಮ್ಮಿಗೆ ಏನೂ ಆಗಿರಲಿಲ್ಲ. ನನ್ನ ಡ್ರಮ್ಮು ಮೂರು ದಿನದಿಂದ ನಿಜವನ್ನೇ ಹೇಳುತ್ತಿತ್ತು. ನಾನೇ ಅದರ ಬಾಯಿಗೆ ರಾಗಿಹಿಟ್ಟು ಮೆತ್ತಿದ್ದೆ.

ಮೇಷ್ಟ್ರಿಗೆ ಅಷ್ಟಕ್ಕೇ ಸಮಾಧಾನವಾಗಲಿಲ್ಲ. ಪ್ರೋಗ್ರಾಮನ್ನು ತಿರುಗಿಸಿ ಬರೆಸಿದರು. ಇದೇ ಊರಿನಲ್ಲಿ ಡ್ರಮ್ಮಿನೊಳಗೆ ನೂರು ಡಿಗ್ರಿ ಬರಬೇಕಾದರೆ ಎಷ್ಟು ಒತ್ತಡ ಬೇಕು? ಬಂದ ಉತ್ತರವನ್ನು ನನ್ನ ಮುಚ್ಚಳದ ವಿಸ್ತೀರ್ಣದಿಂದ ಗುಣಿಸಿದರು. ದೊಡ್ಡಾಳುಗಳು ಮೂರು ನಾಲ್ಕು ಜನ ಒಟ್ಟಿಗೆ ಒಳಗಿನಿಂದ ಮುಚ್ಚಳವನ್ನು ತಳ್ಳಿದಷ್ಟಂತೆ. "ಚೈನು ತಡೀತಿತ್ತೇನಪ್ಪ?" ಎಂದು ಮೆಲ್ಲಗೆ ಕೇಳಿದರು. ಹೆಂಡತಿ ನನ್ನ ತಲೆಗೆ ಒಂದು ಮೊಟಕಿದಳು, ಮೇಷ್ಟ್ರ ಎದುರಿಗೇ.

ಸೋಮವಾರ ಮೂವರೂ ಗುಂಡ್ಲುಪೇಟೆ ಬಸ್ಸು ಹತ್ತಿದೆವು. ಮೇಷ್ಟ್ರ ತೊಡೆಯ ಮೇಲೆ ಟವೆಲ್ಲಿನಲ್ಲಿ ಸುತ್ತಿದ ಲ್ಯಾಪ್‌ಟಾಪ್, ನನ್ನ ಕೈಯಲ್ಲಿ ಥರ್ಮಾಮೀಟರ್. ಮೊದಲು ನನ್ನ ಅತ್ತೆಯ ಮನೆಗೆ ಹೋಗಿ ಟ್ರಂಕು ತೆಗೆಸಿದೆವು. ರೆಕಾರ್ಡ್ ಬುಕ್ಕು ಸಿಕ್ಕಿತು. ಬ್ರೌನ್ ಪೇಪರಿನ ಹೊದಿಕೆ, ಒಳಗೆ ಅವಳ ಮುತ್ತಿನಂಥ ಅಕ್ಷರ. ಅದನ್ನು ಎದೆಗವಚಿಕೊಂಡು ಅವಳೂ ಗೋಡೌನಿಗೆ ಬಂದಳು.

ಗೋಡೌನಿನ ಎದುರಿಗೆ ಈರುಳ್ಳಿ ಲಾರಿಗಳ ಸಾಲು, ಪಕ್ಕದಲ್ಲಿ ಒಂದು ಟೀ ಅಂಗಡಿ. ಸೂಪರ್‌ವೈಸರ್ ನಮ್ಮನ್ನು ನೋಡಿ, ಮಷೀನು ರಿಪೇರಿ ಆಯಿತಾ ಎಂದು ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ಮೇಷ್ಟ್ರು ಅವನ ಹೆಗಲ ಮೇಲೆ ಕೈಯಿಟ್ಟು, ಟೀ ಅಂಗಡಿಯ ಬೆಂಚಿನಲ್ಲಿ ಕೂರಿಸಿದರು.

"ನಿಮ್ಮ ಹೆಡ್ ಆಫೀಸು, ಈ ಪೇಪರ್ ಬರೆದ್ರಲ್ಲ, ಅಲ್ಲಿಗೆ ಸಮುದ್ರ ಎಷ್ಟು ದೂರಪ್ಪ?"

"ಕಿಟಕಿ ತೆಗೆದ್ರೆ ಕಾಣ್ತದೆ ಸಾರ್."

ನನ್ನ ಹೆಂಡತಿ ಸೆರಗು ಬಾಯಿಗೆ ಹಿಡಿದುಕೊಂಡಳು. ಗುಂಡ್ಲುಪೇಟೆಗೆ ರೈಲೂ ಇಲ್ಲ, ಹಳದಿ ಬೋರ್ಡೂ ಇಲ್ಲ. ಇಲ್ಲಿ ಮಾತ್ರ ಮೇಷ್ಟ್ರು ಮೊಬೈಲನ್ನು ನಂಬಲೇಬೇಕಾಯಿತು. ಸೂಪರ್‌ವೈಸರನ ಮೊಬೈಲಿನಲ್ಲೇ ಎತ್ತರ ನೋಡಿಸಿದರು. ಚಾಮರಾಜನಗರಕ್ಕಿಂತ ನೂರು ಮೀಟರಿನಷ್ಟು ಹೆಚ್ಚು. ಬೆಂಚಿನ ಮೇಲೆ ಲ್ಯಾಪ್‌ಟಾಪ್ ಇಟ್ಟು ನಾನೇ ಆ ಸಂಖ್ಯೆ ಹಾಕಿ ಒತ್ತಿದೆ. ಲಾರಿ ಡ್ರೈವರುಗಳು ಸುತ್ತ ನೆರೆದಿದ್ದರು. ನನ್ನ ಹಳದಿ ಬೆರಳನ್ನೂ ಪರದೆಯನ್ನೂ ಒಂದಾದ ಮೇಲೊಂದು ನೋಡುತ್ತಿದ್ದರು. 97.3 ಎಂದು ಬಂತು. ಮೇಷ್ಟ್ರು ಅದನ್ನು ಒಂದು ಚೀಟಿಯಲ್ಲಿ ಬರೆಸಿ, ಮಡಿಸಿ, ಸೂಪರ್‌ವೈಸರನ ಜೇಬಿನಲ್ಲಿಟ್ಟರು. ಆಮೇಲೆ ಟೀ ಅಂಗಡಿಯವನಿಗೆ ಸಕ್ಕರೆಯಿಲ್ಲ, ಟೀ ಸೊಪ್ಪಿಲ್ಲ, ಬರೀ ನೀರು ಕುದಿಸು ಎಂದರು.

ನೀರು ಮರಳಿತು. ಥರ್ಮಾಮೀಟರನ್ನು ಇಳಿಸಿದವನು ಸೂಪರ್‌ವೈಸರೇ. ಮುಳ್ಳು ಏರಿತು, ನಿಧಾನವಾಯಿತು, ತೊಂಬತ್ತೇಳು ದಾಟಿತು, ತೊಂಬತ್ತೇಳೂವರೆಯ ಗೆರೆ ಮುಟ್ಟುವ ಮೊದಲೇ ನಿಂತಿತು. ಅವನು ಜೇಬಿನಿಂದ ಚೀಟಿ ತೆಗೆದು ನೋಡಿದ. ಉರಿ ಹೆಚ್ಚಿಸಿ ಎಂದ. ಅಂಗಡಿಯವನು ಹೆಚ್ಚಿಸಿದ. ನೀರು ಉಕ್ಕಿ ಚೆಲ್ಲಿತು, ಮುಳ್ಳು ಅಲ್ಲೇ ಇತ್ತು. ಅವನು ಚೀಟಿಯನ್ನೂ ಮುಳ್ಳನ್ನೂ ನೋಡಿ ನಗುವುದಕ್ಕೆ ಶುರುಮಾಡಿದ. "ಸಾರ್, ಹಾಗಾದ್ರೆ ಸತ್ಯಮಂಗಲದ ಮಷೀನು ತಂದ್ರೂ..." ಎಂದ. "ಇಲ್ಲಿಗೆ ಬಂದ್ರೆ ಅದೂ ಇಲ್ಲೀದೇ ಹೇಳೋದು ಕಣಪ್ಪ" ಎಂದರು ಮೇಷ್ಟ್ರು. ಅವನು ಅಲ್ಲಿಂದಲೇ ತನ್ನ ಆಫೀಸಿಗೆ ಫೋನು ಮಾಡಿ ಮಲಯಾಳದಲ್ಲಿ ಬಹಳ ಹೊತ್ತು ಮಾತಾಡಿದ. ಎರಡು ದಿನದಲ್ಲಿ ಅವರ ಪೇಪರು ಬದಲಾಯಿತು. ನೂರು ಎಂದಿದ್ದ ಕಡೆ, ಆ ಊರಿನಲ್ಲಿ ನೀರು ಕುದಿಯುವ ಶಾಖ ಎಂದು ಬಂತು. ಆ ಸುಗ್ಗಿ ನನ್ನ ಮಷೀನಿನ ಚಕ್ರ ನಿಲ್ಲಲಿಲ್ಲ.

ಆದರೆ ನನಗೆ ಅವತ್ತಿನದ್ದು ನೆನಪಾದಾಗಲೆಲ್ಲ ಮೊದಲು ಕಣ್ಣಿಗೆ ಬರುವುದು ಅದಾದ ಮೇಲಿನ ಐದು ನಿಮಿಷ. ಜನ ಚೆದುರಿದ ಮೇಲೆ ಮೇಷ್ಟ್ರು ನನ್ನ ಹೆಂಡತಿಯ ಕಡೆ ಕೈ ಚಾಚಿದರು. ಅವಳು ರೆಕಾರ್ಡ್ ಬುಕ್ಕು ಕೊಟ್ಟಳು. ಆ ಪುಟ ಹುಡುಕುವುದು ಕಷ್ಟವಾಗಲಿಲ್ಲ, ಕೆಂಪು ಇಂಕು ಇನ್ನೂ ಹಾಗೇ ಇತ್ತು. ಮೇಷ್ಟ್ರು ಕನ್ನಡಕ ಏರಿಸಿಕೊಂಡು ತಮ್ಮದೇ ಅಕ್ಷರವನ್ನು ಓದಿದರು. ಜೇಬಿನಿಂದ ಪೆನ್ನು ತೆಗೆದು, ಆ ಕೆಂಪು ಗೆರೆಯ ಪಕ್ಕದಲ್ಲಿ ನೀಲಿಯಲ್ಲಿ ಒಂದು ದೊಡ್ಡ ರೈಟ್ ಮಾರ್ಕು ಹಾಕಿದರು. ಕೆಳಗೆ ಸಹಿ ಮಾಡಿ ಅವತ್ತಿನ ತಾರೀಖು ಹಾಕಿದರು.

"ಕಣ್ಣು ಸರಿಯಾಗಿ ಬಿಟ್ಕೊಂಡು ನೋಡ್ಬೇಕಾಗಿದ್ದು ನಾನು ಕಣವ್ವ" ಎಂದರು.

ಅವಳು ಅತ್ತಳೋ ನಕ್ಕಳೋ ನಾನು ನೋಡಲಿಲ್ಲ. ಟೀ ಅಂಗಡಿಯವನು ಬರೀ ನೀರು ಕುದಿಸಿಕೊಂಡ ತಪ್ಪಿಗೆ ನಾಲ್ಕು ಟೀ ಕೊಳ್ಳಲೇಬೇಕೆಂದು ಪಟ್ಟು ಹಿಡಿದಿದ್ದ, ಅವನ ಜೊತೆ ಮಾತಾಡುತ್ತಿದ್ದೆ.

ಆಮೇಲೆ ಎರಡು ವರ್ಷ ಸಂಜೆಯಾದರೆ ಆ ಊಟದ ಮೇಜು ನಮ್ಮ ಮೂವರದಾಗಿತ್ತು. ಮೇಷ್ಟ್ರು ದಿನಕ್ಕೊಂದು ಪ್ರಶ್ನೆ ಹುಡುಕಿಕೊಂಡು ಬರುತ್ತಿದ್ದರು. ಪ್ರೆಶರ್ ಕುಕ್ಕರಿನಲ್ಲಿ ಎಷ್ಟು, ಗೋಪಾಲಸ್ವಾಮಿ ಬೆಟ್ಟದ ತುದಿಯಲ್ಲಿ ಎಷ್ಟು, ಬೇಳೆ ಎಲ್ಲಿ ಬೇಗ ಬೇಯುತ್ತದೆ. ನನ್ನ ಹೆಂಡತಿ ನನಗಿಂತ ಬೇಗ ಕಲಿತಳು, ಅದನ್ನೂ ಬರೆದುಬಿಡುತ್ತೇನೆ, ಇಲ್ಲದಿದ್ದರೆ ಇದನ್ನು ಓದಿ ಜಗಳ ತೆಗೆಯುತ್ತಾಳೆ. ಆರು ಸಾಲಿನ ಪ್ರೋಗ್ರಾಮು ಅರವತ್ತು ಸಾಲಾಯಿತು. ಒಂದು ದಿನ ಮೇಷ್ಟ್ರು ಮೇಜಿಗೆ ಬರಲಿಲ್ಲ. ಎದೆನೋವು ಎಂದರು, ಮೈಸೂರಿಗೆ ಕರೆದುಕೊಂಡು ಹೋದರು... ದೇಹ ವಾಪಸು ಬಂದಾಗ ಊರೆಲ್ಲ ನೆರೆದಿತ್ತು. ಅವರ ಹತ್ತಿರ ನೂರು ಎಂದು ಬರೆದವರು ಎಷ್ಟು ಜನ! ಎಲ್ಲರೂ ಅತ್ತರು. ಅವರ ಹೆಂಡತಿ ಲ್ಯಾಪ್‌ಟಾಪನ್ನು ನಮಗೇ ಕೊಟ್ಟು ಹೋದರು, ಈಗ ಮಗಳ ಹತ್ತಿರ ಇದ್ದಾರೆ. ಗೋಡೆಯಾಚೆಯ ಮನೆಗೆ ಬಾಡಿಗೆಯವರು ಬಂದಿದ್ದಾರೆ, ಒಳ್ಳೆಯ ಜನವೇ.

ಈ ವರ್ಷ ಮೊದಲ ಸಲ ಗೋಪಾಲಸ್ವಾಮಿ ಬೆಟ್ಟದ ಬುಡದ ಒಂದು ಹಳ್ಳಿಯಿಂದ ಕೆಲಸ ಬಂತು. ನಾನು ಹೋದ ಊರುಗಳಲ್ಲೆಲ್ಲ ಅದೇ ಎಲ್ಲಕ್ಕಿಂತ ಎತ್ತರದ್ದು. ಮಷೀನು ನಿಲ್ಲಿಸಿ, ಸೌದೆ ಹೊತ್ತಿಸುವ ಮೊದಲು ಆ ಊರಿನ ಎತ್ತರವನ್ನು ಲ್ಯಾಪ್‌ಟಾಪಿಗೆ ಹಾಕಿ ನೋಡಿದೆ. ತೊಂಬತ್ತಾರು ಪಾಯಿಂಟ್ ಆರು ಎಂದು ಬಂತು. ಡ್ರಮ್ಮು ತುಂಬಿಸಿ ಹಬೆ ಬಿಟ್ಟೆ. ಮುಳ್ಳು ತೊಂಬತ್ತಾರು ಪಾಯಿಂಟ್ ನಾಲ್ಕಕ್ಕೆ ನಿಂತಿತು. ಸ್ವಲ್ಪ ಹೊತ್ತು ಕಾದೆ. ನಾಲ್ಕೇ.

ಎರಡು ಪಾಯಿಂಟ್ ಕಡಿಮೆ ಯಾಕೆ ಎಂದು ನನಗೆ ಗೊತ್ತಾಗಲಿಲ್ಲ. ಹೆಂಡತಿಗೆ ಫೋನು ಮಾಡಿ ಕೇಳಿದೆ. ಮೋಡ ಕವಿದಿದ್ದರೆ ಗಾಳಿಯ ಒತ್ತಡ ಇಳಿಯುತ್ತದೆ, ಅದಿರಬಹುದು ಎಂದಳು. ಥರ್ಮಾಮೀಟರಿಗೆ ವಯಸ್ಸಾಗಿರಬಹುದು ಎಂದೂ ಅಂದಳು. ಇಬ್ಬರಿಗೂ ಖಾತ್ರಿಯಿರಲಿಲ್ಲ. ಕೇಳುವುದಕ್ಕೆ ಗೋಡೆಯಾಚೆ ಈಗ ಮೇಷ್ಟ್ರಿಲ್ಲ ಎಂದು ಇಬ್ಬರಿಗೂ ಒಟ್ಟಿಗೇ ನೆನಪಾಗಿರಬೇಕು.

ಹೊಲದ ಯಜಮಾನರು ಕಂಪನಿಯ ಪೇಪರು ಹಿಡಿದುಕೊಂಡು ಪಕ್ಕದಲ್ಲಿ ಕಾಯುತ್ತಿದ್ದರು. ಕಂಪ್ಯೂಟರು ಹೇಳಿದ್ದನ್ನೇ ಬರೆದುಬಿಡಿ, ನೋಡುವುದಕ್ಕೆ ಚೆನ್ನಾಗಿರುತ್ತದೆ ಎಂದರು. ಪೆನ್ನು ತೆಗೆದುಕೊಂಡು ತೊಂಬತ್ತಾರು ಪಾಯಿಂಟ್ ನಾಲ್ಕು ಎಂದೇ ಬರೆದೆ.